ಮುಂದಿನ ಗ್ಲಾಸು ಒಡೆದ ಮೇಲೆ

ಅಪರೂಪದ ಕಾರು ಇಟ್ಕೊಂಡಿರೋರನ್ನ ಮಾತಾಡಿಸಿ ನೋಡಿ, ಎಂಜಿನ್ ಹೋದ್ರೆ ಏನಪ್ಪಾ ಗತಿ ಅನ್ನೋ ಭಯ ಅವರಿಗೆ ಅಷ್ಟಾಗಿ ಇರಲ್ಲ. ಎಂಜಿನ್ ಬಿಚ್ಚಬಹುದು, ಬೋರ್ ಮಾಡಿಸಬಹುದು, ಸವೆದ ಶಾಫ್ಟ್ ತಗೊಂಡು ಹೋಗಿ ಪೀಣ್ಯದಲ್ಲಿ ಲೇತ್ ಹಾಕ್ಕೊಂಡು ಕೂತಿರೋರ ಕೈಗೆ ಕೊಟ್ರೆ ಅಳತೆ ತಗೊಂಡು ಅಂಥದ್ದೇ ಇನ್ನೊಂದು ಮಾಡಿ ಕೊಡ್ತಾರೆ. ಬಾಡಿ ತಗಡಾದ್ರೆ ಟಿಂಕರಿಂಗು, ಫೈಬರಾದ್ರೆ ಗ್ಲಾಸ್ ಫೈಬರ್ ಮ್ಯಾಟು, ಅಂಟಿನಂಥ ರೆಸಿನ್ನು, ಸೀಟಿಗೆ ಕುಶನ್ ಅಂಗಡಿ, ಹೀಗೆ ಎಲ್ಲಕ್ಕೂ ಕೆಲಸ ಗೊತ್ತಿರೋ ಒಬ್ಬರು ನಮ್ಮೂರಲ್ಲಿ ಸಿಕ್ಕೇ ಸಿಗ್ತಾರೆ. ರಾತ್ರಿ ನಿದ್ದೆ ಕೆಡಿಸೋದು ಮುಂದಿನ ಗ್ಲಾಸು, ಅಂದ್ರೆ ವಿಂಡ್‌ಶೀಲ್ಡು.

ಗ್ಲಾಸಿಗೆ ವೆಲ್ಡಿಂಗ್ ಅನ್ನೋದಿಲ್ಲ. ಕಲ್ಲು ಹೊಡೆದು ಚಿಕ್ಕ ಚುಕ್ಕೆ ಬಿದ್ರೆ ರೆಸಿನ್ ತುಂಬಿಸಿ ಉಳಿಸ್ಕೋಬಹುದು, ಬಿರುಕು ಓಡಿ ಅಂಚು ಮುಟ್ಟಿತು ಅಂದ್ರೆ ಅಲ್ಲಿಗೆ ಕಥೆ ಮುಗೀತು. ಹೊಸದು ಮಾಡ್ಬೇಕು ಅಂದ್ರೆ ಅಚ್ಚು ಬೇಕು, ಭಟ್ಟಿ ಬೇಕು, ಒತ್ತಡ ಶಾಖ ಎರಡೂ ಕೊಡೋ ಆಟೋಕ್ಲೇವ್ ಅನ್ನೋ ಪಾತ್ರೆ ಬೇಕು. ಲಕ್ಷಗಟ್ಟಲೆ ಓಡಾಡೋ ಕಾರಿಗಾದ್ರೆ ಗ್ಲಾಸು ಮಾಡೋ ಕಂಪನಿಗಳು ಅಚ್ಚು ಇಟ್ಕೊಂಡಿರ್ತಾರೆ. ನೂರಿನ್ನೂರು ಕಾರು ತಯಾರಾಗಿ ನಿಂತುಹೋದ ಮಾಡೆಲ್ ಆದ್ರೆ ಆ ಅಚ್ಚು ಎಷ್ಟೋ ವರ್ಷದ ಹಿಂದೇನೇ ಗುಜರಿಗೆ ಹೋಗಿರುತ್ತೆ. ನನಗೆ ಈ ವಿಷಯ ಮನಸ್ಸಿಗೆ ನಾಟಿದ್ದು ನಮ್ಮ ಭಾವನ ಸ್ಟಾರ್ಮ್ ಕಾರಿಂದ.

ಸ್ಯಾನ್ ಸ್ಟಾರ್ಮ್ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿರಲ್ಲ. ಬೆಂಗಳೂರಿನ ಸ್ಯಾನ್ ಮೋಟರ್ಸ್‌ನವರು 1998ರಲ್ಲಿ ತಂದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು, ತಯಾರಾಗ್ತಿದ್ದದ್ದು ಗೋವಾದಲ್ಲಿ, ಡಿಸೈನ್ ಫ್ರಾನ್ಸಿನವರದ್ದು, ಬಾಡಿ ಪೂರ್ತಿ ಫೈಬರ್, ಒಳಗೆ ರೆನೋದ 1.2 ಲೀಟರ್ ಎಂಜಿನ್ನು. ನಮ್ಮ ದೇಶದಲ್ಲಿ ರೂಫ್ ತೆಗೆದು ಓಡಿಸೋ ಕಾರು ಮಾಡೋ ಧೈರ್ಯ ಆ ಕಾಲಕ್ಕೆ ಯಾರಿಗಿತ್ತು ಹೇಳಿ. ಭಾವ ಮೈಸೂರಿನವರು, ಆ ಕಾರನ್ನ ಮಗಳಿಗಿಂತ ಜೋಪಾನವಾಗಿ ನೋಡ್ಕೊತಾರೆ ಅಂತ ಅಕ್ಕ ಈಗಲೂ ಬೈತಾಳೆ. ಹೈವೇಲಿ ಮುಂದೆ ಹೋಗ್ತಿದ್ದ ಟಿಪ್ಪರಿಂದ ಜಲ್ಲಿ ಹಾರಿ ಬಂತು, ಡ್ರೈವರ್ ಕಡೆ ಕೆಳಗೆ ಒಂದು ಚುಕ್ಕೆ. ಮನೆ ಸೇರೋಷ್ಟರಲ್ಲಿ ಚುಕ್ಕೆ ಗೆರೆಯಾಗಿ, ಗೆರೆ ಎರಡಾಗಿ, ಬೆಳಿಗ್ಗೆ ನೋಡಿದ್ರೆ ಈ ಕಡೆಯಿಂದ ಆ ಕಡೆವರೆಗೂ ಬಿರುಕು.

ಬೆಂಗಳೂರಲ್ಲಿ ಗಾಡಿ ಸ್ಪೇರ್ ಪಾರ್ಟ್ ಅಂಗಡಿಗಳಿರೋ ಜೆಸಿ ರೋಡಿಗೆ ಹೋದ್ವಿ, ಮತ್ತೆಲ್ಲಿಗೆ ಹೋಗ್ತೀವಿ. ಮೊದಲನೇ ಅಂಗಡೀಲಿ ಕೌಂಟರಿನ ಹುಡುಗ "ಯಾವ್ ಗಾಡಿ ಸಾರ್?" ಅಂದ. ಸ್ಟಾರ್ಮ್ ಅಂದ್ವಿ. "ಸಫಾರಿ ಸ್ಟಾರ್ಮಾ? ಇದೆ ಸಾರ್, ಕೂತ್ಕೊಳ್ಳಿ" ಅಂತ ಒಳಗೆ ಹೊರಟೇ ಬಿಟ್ಟ. ಅಲ್ಲಪ್ಪ ಇದು ಬೇರೆ ಅಂತ ಫೋಟೋ ತೋರಿಸಿದ್ರೆ ಅವನ ಮುಖ ಅರಳಿತು, ಒಳಗಿಂದ ಅವರಪ್ಪನ್ನ ಕರೆದ, ಅವರು ಕನ್ನಡಕ ಹಾಕ್ಕೊಂಡು ನೋಡಿ "ಇದಾ, ಇದು ಒಂದ್ಕಾಲದಲ್ಲಿ ಎಂಜಿ ರೋಡಲ್ಲಿ ಓಡಾಡ್ತಿತ್ತಲ್ಲ, ಗ್ಲಾಸೆಲ್ಲಿ ಸಿಗುತ್ತೆ ಸಾರ್ ಇದಕ್ಕೆ" ಅಂದ್ರು. ಆದ್ರೆ ಬರಿಗೈಲಿ ಕಳಿಸಲಿಲ್ಲ, ಒಂದು ಪಾಠ ಹೇಳಿಕೊಟ್ರು. ಹೆಸರಿಟ್ಟು ಹುಡುಕಬೇಡಿ, ಅಳತೆ ಇಟ್ಟು ಹುಡುಕಿ. ಮೇಲಂಚು ಎಷ್ಟು, ಕೆಳಗಂಚು ಎಷ್ಟು, ನಡು ಎತ್ತರ ಎಷ್ಟು, ಮತ್ತೆ ಗ್ಲಾಸಿನ ಎರಡು ತುದಿಗೆ ಅಡ್ಡ ದಾರ ಕಟ್ಟಿದ್ರೆ ದಾರಕ್ಕೂ ಹೊಟ್ಟೆಗೂ ಮಧ್ಯೆ ಎಷ್ಟು ಗ್ಯಾಪು. ಈ ನಾಲ್ಕು ಅಳತೆ ಇದ್ರೆ ಬೇರೆ ಯಾವುದಾದ್ರೂ ಕಾರಿನ ಗ್ಲಾಸು ಹತ್ತಿರ ಬರುತ್ತಾ ಅಂತ ನೋಡಬಹುದು, ಸ್ವಲ್ಪ ದೊಡ್ಡದಿದ್ರೂ ನಡೆಯುತ್ತೆ, ಎರಡು ಗ್ಲಾಸಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ಲ್ಯಾಮಿನೇಟೆಡ್ ಗ್ಲಾಸನ್ನ ಕೈಪಳಗಿದವರು ಅಂಚು ಕತ್ತರಿಸಿ ಇಳಿಸ್ತಾರೆ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಆದ್ರೆ ಒಂದು ಎಳೆಯೂ ಕತ್ತರಿಸೋಕಾಗಲ್ಲ, ಕಟ್ಟರ್ ಮುಟ್ಟಿಸಿದ್ರೆ ಇಡೀ ಗ್ಲಾಸು ಕಾಳು ಕಾಳಾಗಿ ಸುರಿದುಹೋಗುತ್ತೆ.

ಅದಾದ ಮೇಲೆ ನಾನು ಈ ವಿಷಯ ಓದೋಕೆ ಶುರು ಮಾಡಿದೆ, ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ ಸಣ್ಣ ಕಂಪನಿಗಳು ಮಾಡಿದ ಸ್ಪೋರ್ಟ್ಸ್ ಕಾರುಗಳ ಆಯಸ್ಸು ಬಹಳ ಮಟ್ಟಿಗೆ ಅವರು ಗ್ಲಾಸು ಎಲ್ಲಿಂದ ತಂದ್ರು ಅನ್ನೋದರ ಮೇಲೆ ನಿಂತಿದೆ. ಇಂಗ್ಲೆಂಡಿನಲ್ಲಿ ಐವತ್ತು ಅರವತ್ತರ ದಶಕದಲ್ಲಿ ಶೆಡ್ಡಿನಂಥ ಜಾಗದಲ್ಲಿ ಫೈಬರ್ ಬಾಡಿ ಹಾಕಿ ಕಾರು ಮಾಡೋರು ಬೇಕಾದಷ್ಟು ಜನ ಇದ್ರು. ಅವರ ಕೈಲಿ ಸ್ವಂತ ಗ್ಲಾಸು ಮಾಡಿಸೋಷ್ಟು ದುಡ್ಡು ಇರಲಿಲ್ಲ, ಅಚ್ಚಿಗೇ ಅಷ್ಟು ಖರ್ಚು. ಅದಕ್ಕೇ ದೊಡ್ಡ ಕಂಪನಿಯ ಸಾದಾ ಕಾರಿನ ಗ್ಲಾಸು ಮೊದಲು ತಂದು ನಿಲ್ಲಿಸಿ, ಅದರ ಸುತ್ತ ಬಾಡಿ ಕಟ್ಟೋರು. ಬ್ಲ್ಯಾಕ್‌ಪೂಲ್‌ನ ಟಿವಿಆರ್‌ನವರ ಗ್ರಾಂಟೂರಾ ಅನ್ನೋ ಕಾರಿಗೆ ಮುಂದಿನ ಗ್ಲಾಸು ಫೋರ್ಡ್ ಕಾನ್ಸಲ್‌ದು. ಪ್ರೆಸ್ಟನ್ನಿನ ಬಾಂಡ್ ಕಂಪನಿ 1963ರಲ್ಲಿ ಎಕ್ವಿಪ್ ಅಂತ ಒಂದು ಸ್ಪೋರ್ಟ್ಸ್ ಕಾರು ಮಾಡಿದ್ರು, ಅದಕ್ಕೆ ಟ್ರಯಂಫ್ ಹೆರಾಲ್ಡ್‌ನ ಛಾಸಿ, ಹೆರಾಲ್ಡ್‌ನ ಡೋರು, ಹೆರಾಲ್ಡ್‌ನದೇ ಮುಂದಿನ ಗ್ಲಾಸು. ಹೆರಾಲ್ಡ್ ಅಂದ ತಕ್ಷಣ ನಮ್ಮ ಹಿರಿಯರಿಗೆ ನೆನಪಾಗುತ್ತೆ, ಅದೇ ಕಾರನ್ನ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಮಾಡ್ತಿತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ. ಬ್ರಿಟನ್ನಲ್ಲೇ ಹೆರಾಲ್ಡ್ ಐದು ಲಕ್ಷಕ್ಕೂ ಮೇಲೆ ತಯಾರಾಗಿದೆ. ಹಾಗಾಗಿ ಬಾಂಡ್ ಎಕ್ವಿಪ್ ಇಟ್ಕೊಂಡಿರೋನು ಅಪರೂಪದ ಕಾರಿಗೆ ಸಾಮಾನ್ಯ ಕಾರಿನ ಗ್ಲಾಸು ಹುಡುಕ್ತಾನೆ, ಅವನಿಗೆ ದಾರಿ ಇದೆ.

ದುಡ್ಡಿಲ್ಲದೆ ಮಾಡಿದ ಆ ಉಪಾಯವನ್ನ ಆಗಿನವರು ಕೀಳಾಗಿ ನೋಡಿರಬಹುದು. ನನ್ನ ಪ್ರಕಾರ ಅದರಷ್ಟು ದೂರದೃಷ್ಟಿಯ ಕೆಲಸ ಆ ಕಾರುಗಳಲ್ಲಿ ಇನ್ನೊಂದಿಲ್ಲ. ಲೈಟಿನ ವಿಷಯಕ್ಕೂ ಇದೇ ಮಾತು, ಲೋಟಸ್ ಎಸ್ಪ್ರಿಯ ಮೊದಲ ಮಾಡೆಲಿಗೆ ಹಿಂದಿನ ಲೈಟು ಫಿಯಟ್ ಎಕ್ಸ್ ಒನ್ ನೈನ್‌ದು, ಮೆಕ್‌ಲಾರೆನ್ ಎಫ್1 ಅಂಥ ಕಾರಿಗೂ ಹಿಂದಿನ ಲೈಟು ಬೋವಾ ಅನ್ನೋ ಡಚ್ ಬಸ್ಸಿಂದು. ಆದ್ರೆ ಎಫ್1 ಗ್ಲಾಸಿನ ವಿಷಯಕ್ಕೆ ಬಂದ್ರೆ ಪೂರ್ತಿ ಸ್ವಂತ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಬಿಸಿಯಾಗೋ ಪದರ ಇರೋ ವಿಶೇಷ ಗ್ಲಾಸು, ಒಟ್ಟು ತಯಾರಾಗಿದ್ದೇ 106 ಕಾರು. ಅಂಥವರಿಗೆ ಕಂಪನಿ ಇನ್ನೂ ಬದುಕಿದೆ, ದುಡ್ಡೂ ಇದೆ, ಬಿಡಿ.

ಇದಕ್ಕೆ ಪೂರ್ತಿ ಎದುರು ತುದೀಲಿ ಇರೋದು ಲಾಂಚಿಯಾ ಸ್ಟ್ರಾಟೋಸ್. ನಾನು ಬಹಳ ಇಷ್ಟಪಡೋ ಕಾರು ಅದು, ಆದ್ರಿಂದ ಸ್ವಲ್ಪ ಹೇಳ್ತೀನಿ. ಡಿಸೈನರ್ ಮಾರ್ಚೆಲ್ಲೋ ಗಾಂದಿನಿ ಇಟಲಿಯ ಬೆರ್ತೋನೆ ಅನ್ನೋ ಡಿಸೈನ್ ಕಂಪನಿಯಲ್ಲಿದ್ದಾಗ ಗೆರೆ ಎಳೆದದ್ದು. 1970ರ ಟ್ಯೂರಿನ್ ಶೋಗೆ ಅವರು ಮೊದಲು ಮಾಡಿದ ಸ್ಟ್ರಾಟೋಸ್ ಜೀರೋಗೆ ಬಾಗಿಲೇ ಇರಲಿಲ್ಲ, ಬರೀ 84 ಸೆಂಟಿಮೀಟರ್ ಎತ್ತರದ ಕಾರು, ಮುಂದಿನ ಗ್ಲಾಸನ್ನೇ ಮೇಲಕ್ಕೆತ್ತಿ ಒಳಗೆ ಇಳೀಬೇಕಿತ್ತು. ಆಮೇಲೆ ಓಡಿಸೋಕೆ ಅಂತ ಮಾಡಿದ ಸ್ಟ್ರಾಟೋಸ್‌ಗೆ ಬಾಗಿಲು ಬಂತು, ಫೆರಾರಿ ಡೀನೋದ 2.4 ಲೀಟರ್ ವಿ6 ಬಂತು, 1974, 75, 76 ಮೂರು ವರ್ಷ ಸಾಲಾಗಿ ವಿಶ್ವ ರ‍್ಯಾಲಿ ಪಟ್ಟ ಬಂತು. ಅದರ ಮುಂದಿನ ಗ್ಲಾಸು ಡ್ರೈವರನ್ನ ಅರ್ಧ ಸುತ್ತುವರಿಯುತ್ತೆ. ಅಷ್ಟು ಬಾಗಿದ ಗ್ಲಾಸಲ್ಲಿ ರೋಡು ವಕ್ರವಾಗಿ ಕಾಣಬೇಕಿತ್ತು, ಕಾಣಲ್ಲ, ಯಾಕಂದ್ರೆ ಅದು ಒಂದು ದೊಡ್ಡ ಕೊಳವೆಯಿಂದ ಕತ್ತರಿಸಿ ತೆಗೆದ ಹಾಗಿರೋ ಆಕಾರ, ಒಂದೇ ದಿಕ್ಕಿಗೆ ಬಾಗು, ಬಾಗು ಎಲ್ಲಾ ಕಡೆ ಒಂದೇ ಸಮ. ಅಷ್ಟಗಲಕ್ಕೂ ಒಂದೇ ವೈಪರ್. ಇಂಥ ಗ್ಲಾಸು ಬೇರೆ ಯಾವ ಕಾರಿಂದಲೂ ಎರವಲು ತರೋಕಾಗಲ್ಲ. ಒಟ್ಟು ತಯಾರಾದ ಕಾರೇ ಐನೂರರ ಆಸುಪಾಸು, ಅದರಲ್ಲಿ ಎಷ್ಟೋ ಕಾರು ಕಾಡಲ್ಲಿ ಕಲ್ಲುದಾರೀಲಿ ರೇಸ್ ಓಡಿದ್ದು. ಅದನ್ನ ಉಳಿಸಿರೋದರಲ್ಲಿ ರೆಪ್ಲಿಕಾ ಮಾಡೋರ ಪಾಲೂ ಇದೆ ಅಂತ ನಾನು ನಂಬ್ತೀನಿ. ಇಂಗ್ಲೆಂಡಲ್ಲಿ ಸ್ಟ್ರಾಟೋಸ್ ತರದ ಕಿಟ್ ಕಾರು, ಅಂದ್ರೆ ಬಿಡಿಭಾಗ ತಂದು ಜೋಡಿಸ್ಕೊಳ್ಳೋ ಕಾರು, ಮಾಡೋರು ತಮ್ಮ ಕಾರಿಗೆ ಗ್ಲಾಸು ಬೇಕಲ್ಲ ಅಂತ ಅಚ್ಚು ಮಾಡಿಸಿದ್ರು. ನಕಲು ಕಾರು ಅಂದ್ರೆ ಮೂಗು ಮುರಿಯೋ ಜನ ಇದಾರೆ, ಅವರು ಇದನ್ನ ಸ್ವಲ್ಪ ಯೋಚನೆ ಮಾಡಬೇಕು.

ಸರಿ, ನಮ್ಮ ಸ್ಟಾರ್ಮ್. ಹಳೇ ಗ್ಲಾಸಿನ ಮೂಲೇಲಿರೋ ಮಾರ್ಕು ಓದೋದು ಮೊದಲ ಕೆಲಸ, ಇದನ್ನ ಎಲ್ಲರೂ ಮಾಡಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ನಂಬರ್ ಇದ್ರೆ ಅದು ಯುರೋಪಿನ ಮಂಜೂರಾತಿ, 1 ಇದ್ರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ಅದು ಮಂಜೂರಾತಿ ಕೊಟ್ಟ ದೇಶ, ಗ್ಲಾಸು ಅಲ್ಲೇ ತಯಾರಾಯ್ತು ಅಂತೇನಿಲ್ಲ. ನಮ್ಮ ದೇಶದ್ದಾದ್ರೆ ಐಎಸ್‌ಐ ಗುರುತು, ಐಎಸ್ 2553 ಅನ್ನೋ ನಂಬರ್ ಇರುತ್ತೆ. ಹಳೇ ಬ್ರಿಟಿಷ್ ಕಾರಾದ್ರೆ ಟ್ರಿಪ್ಲೆಕ್ಸ್ ಅನ್ನೋ ಹೆಸರಿನ ಅಕ್ಷರಗಳ ಹತ್ತಿರ ಸಣ್ಣ ಚುಕ್ಕೆಗಳಿರ್ತವೆ, ಅದರಲ್ಲಿ ತಯಾರಾದ ಕಾಲ ಅಡಗಿರುತ್ತೆ.

ಮಾರ್ಕು ಓದೋಣ ಅಂತ ಗ್ಯಾರೇಜಿಗೆ ಹೋದ್ರೆ ಗ್ಲಾಸೇ ಇಲ್ಲ. ಕಾರು ಬಿಟ್ಟಿದ್ದ ಗ್ಯಾರೇಜಿನವರು ಒಡೆದ ಗ್ಲಾಸು ಯಾಕೆ ಜಾಗ ಹಿಡ್ಕೊಂಡು ಅಂತ ಬಿಚ್ಚಿ, ಗುಜರಿಯವನಿಗೆ ಕೊಟ್ಟು ಕಳಿಸಿದ್ರು. ಭಾವ ಒಂದು ಮಾತೂ ಆಡಲಿಲ್ಲ, ಹೊರಗೆ ಬಂದು ಸ್ಕೂಟರ್ ಮೇಲೆ ಸುಮ್ಮನೆ ಕೂತುಬಿಟ್ರು. ಲ್ಯಾಮಿನೇಟೆಡ್ ಗ್ಲಾಸು ಒಡೆದ್ರೂ ನಡುವಿನ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ ಚೂರುಗಳನ್ನ ಹಿಡಿದಿಟ್ಟಿರುತ್ತೆ, ಆಕಾರ ಬಹುಪಾಲು ಹಾಗೇ ಉಳಿದಿರುತ್ತೆ, ಹೊಸ ಗ್ಲಾಸಿಗೆ ಅದೇ ಜಾತಕ. ದಯವಿಟ್ಟು ಒಡೆದ ಗ್ಲಾಸನ್ನ ಎಸೀಬೇಡಿ, ಹೊಸದು ಬಂದು ಕೂತು ಒಂದು ಮಳೆಗಾಲ ಕಳೆಯೋವರೆಗೂ ಎಸೀಬೇಡಿ.

ಕಾರಿನ ಫ್ರೇಮಿಂದಲೇ ಅಳತೆ ತೆಗೀಬಹುದಲ್ಲ ಅಂತ ಕೇಳ್ತೀರಿ. ಅಂಚಿನ ಸುತ್ತಳತೆ ಸಿಗುತ್ತೆ, ನಡುವಿನ ಹೊಟ್ಟೆ ಎಷ್ಟು ಉಬ್ಬಿದೆ ಅನ್ನೋದು ಖಾಲಿ ಕಿಂಡಿ ಹೇಳಲ್ಲ. ಅದೂ ಅಲ್ಲದೆ ಫೈಬರ್ ಬಾಡಿ ಕೈಯಲ್ಲಿ ಹಾಕಿದ್ದು, ಒಂದು ಕಾರಿಗೂ ಇನ್ನೊಂದಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತೆ. ಹಾಗಾಗಿ ಗ್ಲಾಸು ಸರಿ ಇರೋ ಇನ್ನೊಂದು ಸ್ಟಾರ್ಮ್ ಬೇಕಾಯ್ತು. ಪರಿಚಯದವರಿಂದ ಪರಿಚಯದವರಿಗೆ ಫೋನ್ ಹೋಗಿ ಕೊನೆಗೆ ಮಡಗಾಂವಿನಲ್ಲಿ ಒಬ್ಬರು ಸಿಕ್ಕಿದ್ರು, ಮೂಲ ಕಾರವಾರದವರು, ರಿಟೈರ್ಡು. "ಬನ್ನಿ ತಮ್ಮಾ, ನನ್ನ ಗಾಡಿ ಮೇಲೇ ಅಚ್ಚು ತಗೊಳ್ಳಿ" ಅಂದ್ರು. ಈ ಮಾತಿನ ತೂಕ ಎಷ್ಟು ಅಂತ ಕಾರಿನವರಿಗೆ ಮಾತ್ರ ಗೊತ್ತಾಗುತ್ತೆ, ತನ್ನ ಹತ್ತಿರ ಉಳಿದಿರೋ ಒಂದೇ ಒಂದು ಗ್ಲಾಸಿನ ಮೇಲೆ ಗುರುತು ಪರಿಚಯ ಇಲ್ಲದವರು ಬಂದು ರೆಸಿನ್ ಸುರಿಯೋಕೆ ಒಪ್ಪೋದು ಅಂದ್ರೆ.

ಫೈಬರ್ ಕೆಲಸದವನನ್ನ ಕರ್ಕೊಂಡು ಹೋದ್ವಿ. ಅವನು ಮೊದಲು ಬಾನೆಟ್ಟು, ಬೀಡಿಂಗು, ವೈಪರ್ ಬುಡ ಎಲ್ಲಾ ಟೇಪು ಪ್ಲಾಸ್ಟಿಕ್ ಹಾಕಿ ಮುಚ್ಚಿದ. ಗ್ಲಾಸು ತೊಳೆದು ಒರೆಸಿ ಮೇಣದ ಪಾಲಿಶ್ ಕೋಟಿನ ಮೇಲೆ ಕೋಟು ಹಚ್ಚಿದ, ಒಂದೊಂದು ಕೋಟು ಒಣಗಿದ ಮೇಲೂ ಬಟ್ಟೆಯಿಂದ ಉಜ್ಜಿ, ಬಗ್ಗಿ ಬೆಳಕಿಗೆ ಅಡ್ಡ ನೋಡ್ತಿದ್ದ, ಎಲ್ಲೂ ಕೈಬೆರಳಿನ ಗುರುತು ಕೂಡ ಇರಬಾರದು. ಆಮೇಲೆ ಜೆಲ್‌ಕೋಟು ಅನ್ನೋ ನುಣುಪು ರೆಸಿನ್ ಪದರ, ಅದು ಬೆರಳಿಗೆ ಅಂಟಿಯೂ ಅಂಟದ ಹದಕ್ಕೆ ಬಂದಾಗ ಮ್ಯಾಟು, ರೆಸಿನ್ನು, ರೋಲರ್ ಒತ್ತಿ ಗಾಳಿಗುಳ್ಳೆ ತೆಗೆಯೋದು, ಮತ್ತೆ ಮ್ಯಾಟು. ರೆಸಿನ್ ಗಟ್ಟಿಯಾಗೋವಾಗ ಬಿಸಿಯಾಗುತ್ತೆ, ಬಿಸಿ ಜಾಸ್ತಿ ಆದ್ರೆ ಕೆಳಗಿನ ಗ್ಲಾಸಿಗೆ ಅಪಾಯ, ಅದಕ್ಕೇ ಒಂದೇ ಸಲ ದಪ್ಪ ಹಾಕದೆ ತೆಳ್ಳಗೆ ಪದರ ಪದರವಾಗಿ ಹಾಕ್ತಾ, ನಡುನಡುವೆ ಅಂಗೈ ಇಟ್ಟು ನೋಡ್ತಾ ಹೋದ. ಹಿಂದೆ ಮರದ ಪಟ್ಟಿ ಕೂರಿಸಿದ, ಅಚ್ಚು ತೆಗೆದ ಮೇಲೆ ಬಳುಕಬಾರದಲ್ಲ. ಮಾರನೇ ದಿನ ಅಂಚಿಗೆ ಪ್ಲಾಸ್ಟಿಕ್ ಬೆಣೆ ತೂರಿಸಿ ಎತ್ತಿದಾಗ ಟಕ್ ಅಂತ ಒಂದು ಸದ್ದು ಬಂತು, ನಮ್ಮ ಎದೆ ಧಸಕ್ ಅಂತು, ಅದು ಅಚ್ಚು ಬಿಟ್ಟ ಸದ್ದು. ಗ್ಲಾಸು ಹೊಳೀತಾ ಕೂತಿತ್ತು. ಆ ಹಿರಿಯರು ನಮ್ಮನ್ನ ಊಟ ಮಾಡಿಸದೆ ಬಿಡಲಿಲ್ಲ.

ಈಗೀಗ ಥ್ರೀಡಿ ಸ್ಕ್ಯಾನಿಂಗೂ ಇದೆ, ಗ್ಲಾಸು ಬೆಳಕನ್ನ ಹಿಂದಕ್ಕೆ ಎಸೆಯೋದರಿಂದ ಬಿಳೀ ಪೌಡರ್ ಸ್ಪ್ರೇ ಮಾಡಿ ಸ್ಕ್ಯಾನ್ ಮಾಡ್ತಾರೆ. ಅದೂ ಒಳ್ಳೇದೇ. ನನಗೆ ಕೈಯಲ್ಲಿ ಹಿಡಿಯೋ ಅಚ್ಚಿನ ಮೇಲೇ ನಂಬಿಕೆ ಹೆಚ್ಚು, ಅದನ್ನ ಇನ್ನೊಂದು ಕಾರಿನ ಕಿಂಡಿ ಮೇಲಿಟ್ಟು ನೋಡಬಹುದು.

ಮಾಡೋರು ಯಾರು? ದೊಡ್ಡ ಕಂಪನಿಗಳಿಗೆ ಫೋನ್ ಮಾಡಿದ್ರೆ ಎಷ್ಟು ಸಾವಿರ ಪೀಸು ಅಂತ ಕೇಳ್ತಾರೆ, ಅವರ ಲೆಕ್ಕ ಅವರದ್ದು. ದಾರಿ ತೋರಿಸಿದ್ದು ಬಸ್ಸು. ನಮ್ಮ ದಕ್ಷಿಣ ಭಾರತದಲ್ಲಿ ಬಸ್ ಬಾಡಿ ಕಟ್ಟೋರು ಎಷ್ಟು ಜನ ಇದಾರೆ ನೋಡಿ, ಬೆಂಗಳೂರಿಂದ ಕರೂರಿನವರೆಗೆ, ಒಬ್ಬೊಬ್ಬರ ಬಸ್ಸಿನ ಮುಖ ಒಂದೊಂದು ತರ, ಅದಕ್ಕೆ ತಕ್ಕ ಗ್ಲಾಸು ಕಡಿಮೆ ಸಂಖ್ಯೇಲಿ ಮಾಡಿಕೊಡೋ ಸಣ್ಣ ಫ್ಯಾಕ್ಟರಿಗಳೂ ಹುಟ್ಕೊಂಡಿವೆ. ಬೊಮ್ಮಸಂದ್ರದ ಕಡೆ ಅಂಥ ಒಂದು ಕಡೆ ಒಪ್ಪಿದ್ರು, ಐಎಸ್‌ಐ ಲೈಸೆನ್ಸ್ ಇರೋರು. ಇದು ಮುಖ್ಯ. ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಗ್ಲಾಸು ಲ್ಯಾಮಿನೇಟೆಡ್ ಸುರಕ್ಷಾ ಗ್ಲಾಸೇ ಆಗಿರಬೇಕು, ಬೆಳಕು ಕನಿಷ್ಠ 70% ಒಳಗೆ ಬರಬೇಕು. ಪಾಲಿಕಾರ್ಬೊನೇಟ್ ಶೀಟು ಬಗ್ಗಿಸಿ ಹಾಕ್ಕೊಡ್ತೀನಿ ಅನ್ನೋರು ಸಿಗ್ತಾರೆ, ರೇಸ್ ಟ್ರ್ಯಾಕಿಗೆ ಅದು ಸರಿ, ರೋಡಿಗೆ ಬೇಡ. ವೈಪರ್ ಓಡಿ ಓಡಿ ಗೀರು ಬಿದ್ದು, ರಾತ್ರಿ ಎದುರು ಲೈಟು ಬಂದಾಗ ಏನೂ ಕಾಣಲ್ಲ. ಜೀವದ ವಿಷಯ ಇದು.

ಅಲ್ಲಿ ಕೆಲಸ ನಡೆಯೋದು ಹೀಗೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಎರಡು ಚಪ್ಪಟೆ ಗ್ಲಾಸನ್ನ ಒಂದೇ ಆಕಾರಕ್ಕೆ ಕತ್ತರಿಸಿ, ಅಂಚು ಉಜ್ಜಿ, ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಪೌಡರ್ ಉದುರಿಸಿ, ಜೋಡಿಯಾಗಿ ಸ್ಟೀಲ್ ಪಟ್ಟಿಯ ಚೌಕಟ್ಟಿನ ಮೇಲೆ ಇಡ್ತಾರೆ. ಚೌಕಟ್ಟು ಅಂಚನ್ನ ಮಾತ್ರ ಹಿಡಿದಿರುತ್ತೆ, ನಡು ಖಾಲಿ. ಭಟ್ಟಿ ಆರುನೂರು ಡಿಗ್ರಿ ದಾಟಿದ ಮೇಲೆ ಗ್ಲಾಸು ತನ್ನ ಭಾರಕ್ಕೆ ತಾನೇ, ಹಗ್ಗದ ಮೇಲೆ ಹರವಿದ ಒದ್ದೆ ಪಂಚೆ ಜೋತ ಹಾಗೆ, ನಿಧಾನಕ್ಕೆ ಕೆಳಗೆ ಇಳಿಯುತ್ತೆ. ಎಷ್ಟು ಇಳೀಬೇಕು ಅನ್ನೋದು ಶಾಖ ಮತ್ತು ಸಮಯದ ಹದ. ಹೊಸ ಆಕಾರ ಅಂದ್ರೆ ಮೊದಲ ಕೆಲವು ಜೋಡಿ ಹಾಳಾಗ್ಲೇಬೇಕು, ಅಲ್ಲಿನ ಮೇಸ್ತ್ರಿ ನಮಗೆ ಮೊದಲೇ ಹೇಳಿದ್ರು, "ಹಾಳಾಗಿದ್ದಕ್ಕೂ ದುಡ್ಡು ಕೊಡ್ತೀರಾ ಅಂದ್ರೆ ಮಾಡ್ತೀನಿ ಸಾರ್" ಅಂತ. ನ್ಯಾಯವಾದ ಮಾತು. ಬಾಗಿದ ಜೋಡಿ ತಣ್ಣಗಾದ ಮೇಲೆ ನಡುವೆ 0.76 ಮಿಲಿಮೀಟರಿನ ಪಿವಿಬಿ ಹಾಳೆ ಇಟ್ಟು, ಗಾಳಿ ಎಳೆದು, ಆಟೋಕ್ಲೇವಿನಲ್ಲಿ ಒತ್ತಡ ಶಾಖ ಕೊಟ್ರೆ ಅಲ್ಲಿವರೆಗೆ ಹಾಲಿನ ಬಣ್ಣಕ್ಕಿದ್ದ ಹಾಳೆ ಮೆತ್ತಗಾಗಿ ಗ್ಲಾಸಿಗೆ ಅಂಟಿಕೊಂಡು ಪಾರದರ್ಶಕವಾಗುತ್ತೆ.

ನಮ್ಮದರ ಮೊದಲ ಪೀಸು ಕಣ್ಣಿಗೆ ಚೆನ್ನಾಗೇ ಇತ್ತು. ಮೇಸ್ತ್ರಿ ಅದನ್ನ ಕಾರಿನಲ್ಲಿ ಕೂರೋ ಓರೆಗೇ ನಿಲ್ಲಿಸಿ, ಹಿಂದೆ ಚೌಕಳಿ ಗೆರೆ ಎಳೆದ ಹಲಗೆ ಇಟ್ಟು, ತಲೆ ಆಕಡೆ ಈಕಡೆ ಆಡಿಸಿ ನೋಡಿ ಅಂದ್ರು. ಎಡಗಡೆ ಕೆಳಗೆ ಗೆರೆಗಳು ಒಂದು ಕಡೆ ಬಳುಕಿ ಹೋದವು. ಸ್ಪೋರ್ಟ್ಸ್ ಕಾರಿನ ಗ್ಲಾಸು ಹೆಚ್ಚು ಮಲಗಿರೋದರಿಂದ ಇಷ್ಟೇ ಇಷ್ಟು ಅಲೆ ಇದ್ರೂ ಓಡಿಸೋವಾಗ ತಲೆನೋವು ಬರುತ್ತೆ. ಅದನ್ನ ಅವರೇ ಪಕ್ಕಕ್ಕಿಟ್ರು, ನಾವು ಕೇಳಬೇಕಾಗ್ಲಿಲ್ಲ.

ಕೂರಿಸೋದೂ ಸಣ್ಣ ಕೆಲಸ ಅಲ್ಲ. ಬಾಗು ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದು, ಒತ್ತಿ ಹಿಡಿದು ಕೂರಿಸಿದ್ರೆ ಅವತ್ತು ಕೂರುತ್ತೆ, ಯಾವತ್ತೋ ಒಂದು ದಿನ ಹಂಪ್ ಮೇಲೆ ಬಾಡಿ ತಿರುಚಿದಾಗ ತಾನಾಗೇ ಸೀಳುತ್ತೆ. ಅದಕ್ಕೆ ಅಂಟು ಹಚ್ಚೋ ಮೊದಲು ಒಣಗೇ ಇಟ್ಟು ನೋಡಬೇಕು, ಸುತ್ತ ಒಂದೇ ಸಮ ಗ್ಯಾಪ್ ಬರೋವರೆಗೆ ಕಿಂಡಿಯ ಫೈಬರನ್ನ ಉಜ್ಜಬೇಕು, ಗ್ಲಾಸನ್ನಲ್ಲ. ಹಳೇ ಕಾರಲ್ಲಿ ರಬ್ಬರ್ ಬೀಡಿಂಗ್ ಇದ್ರೆ ಅದರ ತೋಡಿನಲ್ಲಿ ಸುತ್ತ ದಾರ ಕೂರಿಸಿ, ಸೋಪಿನ ನೀರು ಹಚ್ಚಿ, ಒಳಗಿಂದ ಒಬ್ಬ ದಾರ ಎಳೀತಾ ಹೊರಗಿಂದ ಇನ್ನೊಬ್ಬ ಅಂಗೈಲಿ ತಟ್ಟುತಾ ಹೋಗೋದು. ಒಬ್ಬರಿಗೊಬ್ಬರು ಅವಸರ ಮಾಡದಿದ್ರೆ ಸಾಕು. ಮತ್ತೆ ಗ್ಲಾಸನ್ನ ಸಾಗಿಸೋವಾಗ ಯಾವತ್ತೂ ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ, ಕೆಳಗೆ ಥರ್ಮೋಕೋಲ್ ಹಾಕಿ.

ಭಾವನ ಕಾರು ಈಗ ರೋಡಲ್ಲಿದೆ. ಒಂದರ ಬದಲು ಒಂದಿಷ್ಟು ಜಾಸ್ತಿ ಪೀಸು ಮಾಡಿಸಿದ್ವಿ, ಅದರಲ್ಲಿ ಮೊದಲನೇದು ಮಡಗಾಂವಿಗೆ ಹೋಯ್ತು, ಅವರು ದುಡ್ಡು ಕಳಿಸ್ತೀನಿ ಅಂದ್ರೂ ಭಾವ ತಗೊಳ್ಳಲಿಲ್ಲ. ಸ್ಟೀಲ್ ಚೌಕಟ್ಟು ಫ್ಯಾಕ್ಟರೀಲೇ ಇದೆ, ಮೇಲೆ ಪೇಂಟಲ್ಲಿ ಕಾರಿನ ಹೆಸರು, ಭಾವನ ಫೋನ್ ನಂಬರ್ ಬರೆಸಿದೀವಿ, ಗುಜರಿಗೆ ಹಾಕೋ ಮೊದಲು ಫೋನ್ ಮಾಡ್ತೀವಿ ಅಂತ ಮೇಸ್ತ್ರಿ ಒಪ್ಪಿದಾರೆ. ಫೈಬರ್ ಅಚ್ಚು ಮೈಸೂರಲ್ಲಿ ಅಕ್ಕನ ಮನೆ ಅಟ್ಟದ ಮೇಲಿದೆ. ಸ್ಟಾರ್ಮ್ ಇಟ್ಕೊಂಡಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಗ್ಲಾಸು ಸರಿ ಇದ್ರೂ ಒಂದು ಸಲ ಕಾರು ತಗೊಂಡು ಬನ್ನಿ, ಅಚ್ಚನ್ನ ನಿಮ್ಮ ಗ್ಲಾಸಿನ ಮೇಲಿಟ್ಟು ಎಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಬರೆದಿಟ್ಕೊಳ್ಳೋಣ. ಮುಂದಿನ ಸಲ ಭಟ್ಟಿಗೆ ಹಾಕೋವಾಗ ನಿಮ್ಮದೂ ಸೇರಿಸ್ತೀವಿ, ಅಚ್ಚಿಗೆ ದುಡ್ಡು ಕೇಳಲ್ಲ, ಗ್ಲಾಸಿಂದು ಮಾತ್ರ ಕೊಟ್ರೆ ಆಯ್ತು.